ಹಿಂಗಾರಿಯ ಬಿಡುವು, ಕೌದಿಯ ಹೊಲಿಗೆ

ಶರದೃತುವು ನಮ್ಮ ಬಯಲುಸೀಮೆಯಲ್ಲಿ ಎರಡು ಕೆಲಸಗಳನ್ನು ಒಟ್ಟಿಗೇ ಹೊತ್ತು ತರುತ್ತದೆ. ಹೊರಗೆ ಹೊಲದಲ್ಲಿ ಉತ್ತರೆ, ಹಸ್ತ ಮಳೆಗಳ ಹಸಿ ಆರುವ ಮೊದಲೇ ಬಿಳಿಜೋಳದ ಬಿತ್ತಿಗೆ ಮುಗಿಯಬೇಕು. ಒಳಗೆ ಮನೆಯಲ್ಲಿ ನವರಾತ್ರಿಯಿಂದ ದೀಪಾವಳಿಯವರೆಗಿನ ಹಬ್ಬಗಳ ಸಾಲಿಗೆ ಸಿದ್ಧತೆ ನಡೆಯಬೇಕು. ಸೊಲ್ಲಾಪುರ, ಅಕ್ಕಲಕೋಟೆಗಳ ಸುತ್ತಲಿನ ಹಳ್ಳಿಗಳಲ್ಲಿ ಘಟಸ್ಥಾಪನೆಗೆ ಮುಂಚಿನ ದಿನಗಳಲ್ಲಿ ಮನೆಮನೆಯ ಹಾಸಿಗೆ ಹೊದಿಕೆಗಳೆಲ್ಲ ಗಂಟು ಕಟ್ಟಿಸಿಕೊಂಡು ಹಳ್ಳಕ್ಕೋ ಹೊಳೆಗೋ ಹೋಗಿ, ಒಗೆಸಿಕೊಂಡು ಬರುವುದು ಹಿಂದಿನಿಂದ ನಡೆದುಬಂದ ಪದ್ಧತಿ. ದಂಡೆಯ ಕಲ್ಲುಗಳ ಮೇಲೆ, ಬೇಲಿಗಳ ಮೇಲೆ ಆ ಕೌದಿಗಳನ್ನು ಬಿಸಿಲಿಗೆ ಹರವಿದಾಗಲೇ ಯಾವುದು ಎಲ್ಲಿ ಹರಿದಿದೆ, ಯಾವುದಕ್ಕೆ ತೇಪೆ ಸಾಕು, ಯಾವುದರ ಆಯುಷ್ಯ ತೀರಿತು ಎಂಬುದು ಮನೆಯ ಹಿರಿಯಳ ಕಣ್ಣಿಗೆ ಬೀಳುತ್ತದೆ. ಚಳಿ ಇನ್ನೂ ಒಂದು ತಿಂಗಳು ದೂರವಿರುವಾಗಲೇ ಚಳಿಯ ಲೆಕ್ಕ ಆರಂಭವಾಗುತ್ತದೆ. ಕೌದಿಯ ಕಾಲವೆಂದರೆ ಇದೇ.

ಇಂದು ನಾವು ಈ ಕೌದಿಯ ವಿಷಯವಾಗಿ ನಾಲ್ಕು ಮಾತು ಬರೆಯಲು ಹೊರಟಿರುವುದು ಹಳೆಯದನ್ನು ಹೊಗಳಿ ಹೊಸದನ್ನು ತೆಗಳುವುದಕ್ಕಲ್ಲ. ಶಾಲೆಯ ಮಾಸ್ತರರಾದ ನಮಗೆ ಕೌದಿಯಲ್ಲಿ ಹೊದಿಕೆಗಿಂತ ಹೆಚ್ಚಿನದೊಂದು ಕಾಣುತ್ತದೆ. ಅದು ಗಡಿಯಾಚೆಯ ಕನ್ನಡ ಮನೆಗಳಲ್ಲಿ ಇನ್ನೂ ಬಾಗಿಲು ಮುಚ್ಚದೆ ಉಳಿದಿರುವ ಒಂದು ಪಾಠಶಾಲೆ. ಅದನ್ನು ಮುಚ್ಚಗೊಡಬೇಕೇ ಎಂಬುದೇ ನಮ್ಮ ಪ್ರಶ್ನೆ.

ಹೆಸರು ಹಲವು, ಹೊಲಿಗೆ ಒಂದು

ಉಟ್ಟು ಸವೆದ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಎಲ್ಲ ಪದರುಗಳನ್ನೂ ಒಂದೇ ಸೂಜಿಯಿಂದ ಉದ್ದಕ್ಕೂ ಕೂಡಿಸಿದರೆ ಅದು ಕೌದಿ. ನಮ್ಮ ನೆರೆಯ ಮರಾಠಿ ಮನೆಗಳಲ್ಲಿ ಇದೇ ಗೋಧಡಿ, ವಾಕಳ ಎನಿಸಿಕೊಳ್ಳುತ್ತದೆ. ಬಂಗಾಳದಲ್ಲಿ ಇದಕ್ಕೆ ಕಾಂಥಾ ಎಂದೂ, ಬಿಹಾರದಲ್ಲಿ ಸುಜನಿ ಎಂದೂ, ಸಿಂಧ ಪ್ರಾಂತದಲ್ಲಿ ರಲ್ಲಿ ಎಂದೂ ಹೆಸರು. ದೂರದ ಜಪಾನಿನಲ್ಲಿಯೂ ಬಡ ರೈತರ ಮನೆಯ ಹೆಂಗಸರು ಸವೆದ ಬಟ್ಟೆಗೆ ತೇಪೆಯ ಮೇಲೆ ತೇಪೆ ಕೂಡಿಸಿ ತಲೆಮಾರುಗಳ ಕಾಲ ಬಳಸುತ್ತಿದ್ದರು. ಅಂಥ ಬಟ್ಟೆಗಳನ್ನು ಬೋರೊ ಎನ್ನುತ್ತಾರೆ. ಇಂದು ಅವು ವಸ್ತುಸಂಗ್ರಹಾಲಯಗಳಲ್ಲಿ ಸ್ಥಾನ ಪಡೆದಿವೆ.

ನಮ್ಮ ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಕೌದಿಗಳೂ ಹೀಗೆಯೇ ದೇಶವಿದೇಶಗಳ ಪ್ರದರ್ಶನಗಳಿಗೆ ಹೋಗಿಬಂದಿವೆ. ಅವರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾವು ಕಟ್ಟೆಯ ಮೇಲೆ ಮಡಿಚಿಟ್ಟು ಮರೆಯುವ ವಸ್ತುವನ್ನು ಲೋಕವು ಗೋಡೆಗೆ ತೂಗುಹಾಕಿ ನೋಡುತ್ತಿದೆ ಎಂಬುದು ಆಲೋಚಿಸತಕ್ಕ ಮಾತಲ್ಲವೇ?

ಒಂಬತ್ತು ಗಜದ ಲೆಕ್ಕ

ಮಾಸ್ತರರಿಗೆ ಎಲ್ಲಿ ಹೋದರೂ ಲೆಕ್ಕ ಬಿಡದು. ಹಿರಿಯರು ಉಡುತ್ತಿದ್ದ ಸೀರೆಯ ಉದ್ದ 9 ಗಜ, ಅಂದರೆ 27 ಅಡಿ. ಅಗಲ ಸುಮಾರು 45 ಅಂಗುಲ. ಇದನ್ನು ಎರಡೆರಡು ಗಜಕ್ಕೆ ಕತ್ತರಿಸಿದರೆ 6 ಅಡಿ ಉದ್ದದ ನಾಲ್ಕು ತುಂಡುಗಳಾಗಿ, ಒಂದು ಗಜ ಉಳಿಯುತ್ತದೆ. ನಾಲ್ಕು ತುಂಡುಗಳೂ ಒಂದರ ಮೇಲೊಂದು ಕೂತರೆ ಒಬ್ಬರಿಗೆ ಸಾಕಾಗುವ ನಾಲ್ಕು ಪದರಿನ ಕೌದಿ. ಉಳಿದ ಒಂದು ಗಜವನ್ನು ನಡುವೆ ಮಡಿಚಿ, ಒಳಗೆ ಹಳೆಯ ಧೋತರದ ಪದರೊಂದನ್ನು ಸೇರಿಸಿದರೆ ಎಳೆಗೂಸಿಗೆ ಹಾಸಲು ಪುಟ್ಟ ಕೌದಿ. ಒಂದು ಸೀರೆಯಲ್ಲಿ ತಾಯಿಗೊಂದು, ಮಗುವಿಗೊಂದು. ಬಿಸಾಡಲು ಏನೂ ಉಳಿಯದು.

ಇನ್ನು ಹೊಲಿಗೆ. ಅಂಗುಲಕ್ಕೊಂದರಂತೆ 45 ಸಾಲು ಹಾಕಿದರೆ, ಸಾಲಿಗೆ 2 ಗಜದಂತೆ ಒಟ್ಟು 90 ಗಜ, ಅಂದರೆ 3,240 ಅಂಗುಲ ಉದ್ದದ ಹೊಲಿಗೆಯಾಯಿತು. ಅಂಗುಲಕ್ಕೆ ಎರಡು ಸಲ ಸೂಜಿ ಎತ್ತಿದರೆ 6,480 ಹೊಲಿಗೆ. ನಿಮಿಷಕ್ಕೆ ಹತ್ತರಂತೆ ಎಣಿಸಿದರೂ 648 ನಿಮಿಷ, ಅಂದರೆ ಹನ್ನೊಂದು ತಾಸಿಗೆ ಸಮೀಪ. ದಿನಕ್ಕೊಂದು ತಾಸು ಬಿಡುವು ದೊರೆತರೆ, ಘಟಸ್ಥಾಪನೆಯಂದು ಹಾಸಿದ ಕೌದಿಯನ್ನು ಸೀಗಿ ಹುಣ್ಣಿಮೆಯೊಳಗೆ ಮುಗಿಸಬಹುದು. ಸಾಲುಗಳು ಅರ್ಧ ಅಂಗುಲಕ್ಕೊಂದರಂತೆ ಒತ್ತಾಗಬೇಕೆಂದರೆ ಕೆಲಸ ಇಮ್ಮಡಿಯಾಗಿ ದೀಪಾವಳಿಯ ಅಮಾವಾಸ್ಯೆ ಬರುತ್ತದೆ. ಹಬ್ಬದ ಪಂಚಾಂಗಕ್ಕೂ ಕೌದಿಗೂ ಇರುವ ನಂಟು ನೋಡಿರಿ! ಐದನೆಯ ಇಯತ್ತೆಯ ಮಕ್ಕಳಿಗೆ ಗುಣಾಕಾರ, ಭಾಗಾಕಾರ, ಅಳತೆಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗಂತೂ ಬೇರೆ ದೊರೆತಿಲ್ಲ.

ಹೊಲಿಯುವ ರೀತಿ

ಹೊಸದಾಗಿ ಕೈಹಾಕುವ ಸಹೋದರಿಯರಿಗೂ, ಸಹೋದರರಿಗೂ ಕೆಲವು ಸೂಚನೆಗಳು.

ಬಟ್ಟೆ ಹತ್ತಿಯದಾಗಿರಲಿ. ಅನೇಕ ಸಲ ಒಗೆದು ಮೆತ್ತಗಾದ ಹತ್ತಿಯ ಬಟ್ಟೆಯಲ್ಲಿ ಸೂಜಿ ಸುಲಭವಾಗಿ ಇಳಿಯುತ್ತದೆ. ಬೆವರನ್ನೂ ಅದು ಹೀರಿಕೊಳ್ಳುತ್ತದೆ. ನೂಲಿನ ಒಡಲಿನ ಇಲಕಲ್ಲ ಸೀರೆ ಕೌದಿಗೆ ಬಲು ಹೊಂದುತ್ತದೆ. ಅದರ ಕೆಂಪು ಸೆರಗನ್ನು ಒಳಗೆ ಹುದುಗಿಸದೆ ಮೇಲಿನ ಅಂಚಿಗೆ ಇಟ್ಟರೆ ಕೌದಿಗೆ ಕಳೆ ಬರುತ್ತದೆ. ಪಾಲಿಯೆಸ್ಟರ ಸೀರೆಗಳು ಜಾರುವುದರಿಂದ ಪದರುಗಳು ಸರಿದು ಗಂಟುಗಟ್ಟುತ್ತವೆ. ಅವನ್ನು ಬಳಸಲೇಬೇಕಾದರೆ ಹತ್ತಿಯ ಎರಡು ಪದರುಗಳ ನಡುವೆ ಒಂದೇ ಪದರಾಗಿ ಇಡಬೇಕು.

ಮೊದಲು ಎಲ್ಲ ಬಟ್ಟೆಗಳನ್ನು ಒಗೆದು ಒಣಗಿಸಿ, ಗುಂಡಿ ಕೊಕ್ಕೆಗಳನ್ನು ಬಿಚ್ಚಿ ತೆಗೆಯಬೇಕು. ಗಟ್ಟಿ ಬಟ್ಟೆಯನ್ನು ತಳಕ್ಕೆ, ಜೀರ್ಣವಾದುದನ್ನು ನಡುವೆ, ಬಣ್ಣ ಉಳಿದುದನ್ನು ಮೇಲೆ ಹಾಸಬೇಕು. ನಾಲ್ಕು ಮೂಲೆಗಳಲ್ಲಿ ನಾಲ್ವರು ಕುಳಿತು ಸುಕ್ಕು ಬಿಡಿಸಿ ಎಳೆದು ಹಿಡಿದು, ಗೇಣಿಗೊಂದರಂತೆ ಉದ್ದನೆಯ ಕಚ್ಚಾ ಹೊಲಿಗೆ ಹಾಕಬೇಕು. ಆ ಮೇಲೆ ಅಂಚು ಮಡಿಚಿ ಸುತ್ತಲೂ ಹೊಲಿದು, ಅಂಚಿನಿಂದ ಒಳಮುಖವಾಗಿ ಸಾಲು ಸಾಗಬೇಕು. ದಾರವನ್ನು ಅತಿಯಾಗಿ ಬಿಗಿದರೆ ಕೌದಿ ಮುದುಡುತ್ತದೆ. ಸಡಿಲ ಬಿಟ್ಟರೆ ಮಗುವಿನ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಕಚ್ಚಾ ಹೊಲಿಗೆಯನ್ನು ಕಿತ್ತು ತೆಗೆಯಬೇಕು.

ಇಷ್ಟು ತೆಳುವಾದ ಬಟ್ಟೆಗಳು ಚಳಿಯನ್ನು ಹೇಗೆ ತಡೆಯುತ್ತವೆ ಎಂದು ಮಕ್ಕಳು ಕೇಳುವರು. ಪದರುಗಳ ನಡುವೆ ಸಿಕ್ಕಿಬಿದ್ದ ಗಾಳಿಯು ಉಷ್ಣವನ್ನು ಬೇಗ ಹೊರಬಿಡದು. ಸಾಲು ಹೊಲಿಗೆಯು ಆ ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಹಿಡಿದಿಡುತ್ತದೆ. ವಿಜ್ಞಾನದ ಈ ಪಾಠವನ್ನು ನಮ್ಮ ಅಜ್ಜಿಯಂದಿರು ಪುಸ್ತಕ ತೆರೆಯದೆಯೇ ಬಲ್ಲವರಾಗಿದ್ದರು.

ಕೌದಿ ದೊಡ್ಡದೆನಿಸಿದರೆ ಚಿಕ್ಕ ಕೆಲಸಗಳಿಂದ ಆರಂಭಿಸಬಹುದು. ಗುಳೇದಗುಡ್ಡದ ಖಣದ ತುಂಡಿನಲ್ಲಿ ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ. ಎಲೆ, ಅಡಕೆ, ಸುಣ್ಣಗಳಿಗೆ ಬೇರೆ ಬೇರೆ ಅರೆಗಳಿರುವ ಸಂಚಿ. ಹಳೆಯ ಪ್ಯಾಂಟಿನ ಗಟ್ಟಿ ಬಟ್ಟೆಯ ಪಾಟಿಚೀಲ. ಇವುಗಳ ಅಂಚಿಗೆ ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಒಂದನ್ನಾದರೂ ಹಾಕಿದರೆ ಹಬ್ಬಕ್ಕೆ ತವರಿಗೆ ಬಂದ ಮಗಳ ಕೈಗಿಡಲು ಯೋಗ್ಯ ಕಾಣಿಕೆಯಾಗುತ್ತದೆ.

ಕಾಲ ಬದಲಾದ ಬಗೆ

ಸೊಲ್ಲಾಪುರವು ಬಟ್ಟೆಯ ಊರು. 1870ರ ದಶಕದಲ್ಲಿಯೇ ಅಲ್ಲಿ ನೂಲುವ ನೇಯುವ ಗಿರಣಿ ಹುಟ್ಟಿತು. ಕನ್ನಡ, ತೆಲುಗು, ಮರಾಠಿ ಮಾತಾಡುವ ಸಾವಿರಾರು ಕುಟುಂಬಗಳು ಗಿರಣಿಯ ಭೋಂಗಾ ಕೇಳಿ ಏಳುತ್ತಿದ್ದವು, ಭೋಂಗಾ ಕೇಳಿ ಉಣ್ಣುತ್ತಿದ್ದವು. ಆ ಹಳೆಯ ದೊಡ್ಡ ಗಿರಣಿಗಳು ಮುಚ್ಚಿಹೋದವು. ಯಂತ್ರಮಗ್ಗಗಳಲ್ಲಿ ಚಾದರ, ಟವೆಲ್ಲುಗಳ ನೇಯ್ಗೆ ನಡೆದಿದೆ. ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇತ್ತೀಚಿನ ವರ್ಷಗಳಲ್ಲಿ ಶಾಲಾ ಸಮವಸ್ತ್ರಗಳ ತಯಾರಿಕೆಗೂ ಈ ಊರು ಹೆಸರಾಗಿದೆ.

ಆದರೆ ಸಂತೆಯಲ್ಲಿ ಮಿಂಕ್ ಎಂಬ ನುಣುಪಾದ ಹೊದಿಕೆಗಳು ಅಗ್ಗವಾಗಿ ಬಂದವು. ಹತ್ತಿಯ ಸೀರೆ ಉಡುವವರು ಕಡಿಮೆಯಾದರು. ಒಂಬತ್ತು ಗಜ ಹೋಗಿ ಆರು ಗಜವಾಯಿತು. ಹೊಲದಲ್ಲಿಯೂ ಸೋಯಾ ಬೆಳೆಯ ರಾಶಿ ನವರಾತ್ರಿಯ ಸುಮಾರಿಗೇ ಬರುವುದರಿಂದ ಮೊದಲಿನ ಮಧ್ಯಾಹ್ನದ ಬಿಡುವು ಉಳಿಯಲಿಲ್ಲ. ಊರೂರು ತಿರುಗಿ ಕೌದಿ ಹೊಲಿದುಕೊಟ್ಟು ಕಾಳು, ಕಾಸು ಪಡೆಯುತ್ತಿದ್ದ ಹೆಂಗಸರು ಈಗ ಅಪರೂಪ. ಕೌದಿ ಎಂದರೆ ಬಡತನದ ಗುರುತು ಎಂದು ಬೀಗರು ಬಂದಾಗ ಅದನ್ನು ಒಳಕೋಣೆಗೆ ಸಾಗಿಸುವ ಮನೆಗಳೂ ಇವೆ. ಅತ್ತ ಪಟ್ಟಣದ ಅಂಗಡಿಗಳಲ್ಲಿ ಅದೇ ಕೌದಿಗೆ ಕೈಗೆಲಸದ ವಸ್ತುವೆಂದು ಒಳ್ಳೆಯ ಬೆಲೆ ಕೇಳುತ್ತಾರೆ!

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕೌದಿಯನ್ನು ಹಾಡಿ ಹೊಗಳುವಾಗ ಅದನ್ನು ಹೊಲಿದವರ ಬೆನ್ನುನೋವನ್ನು ನಾವು ಮರೆಯುತ್ತೇವೆ. ಬೆಳಗಿನಿಂದ ಹೊಲದಲ್ಲಿ ಬಾಗಿ ದುಡಿದು, ಒಲೆಯ ಮುಂದೆ ರೊಟ್ಟಿ ಬಡಿದು, ಉಳಿದೊಂದು ತಾಸು ವಿಶ್ರಾಂತಿಯನ್ನೂ ಅವರು ಸೂಜಿಗೆ ಕೊಟ್ಟಿದ್ದರು. ಆದುದರಿಂದ ಕೌದಿ ಉಳಿಯಬೇಕೆಂದು ಬಯಸುವ ಗಂಡಸರು ಬರಿದೆ ಬಯಸಿದರೆ ಸಾಲದು. ಹಾಸುವಾಗ ಮೂಲೆ ಹಿಡಿಯಬೇಕು, ಗಂಡುಮಕ್ಕಳು ಸೂಜಿ ಪೋಣಿಸಿಕೊಡಬೇಕು, ತಾವೂ ನಾಲ್ಕು ಸಾಲು ಹಾಕಬೇಕು. ದರ್ಜಿಯ ಯಂತ್ರದ ಮುಂದೆ ಕೂಡ್ರಲು ನಾಚದ ಗಂಡಸು ಪಡಸಾಲೆಯಲ್ಲಿ ಸೂಜಿ ಹಿಡಿಯಲು ನಾಚುವುದೇಕೆ? ಕೂಲಿ ಕೊಟ್ಟು ಹೊಲಿಸುವವರು ಮೇಲಿನ ಆರೂವರೆ ಸಾವಿರ ಹೊಲಿಗೆಗಳ ಲೆಕ್ಕವನ್ನು ನೆನೆದು ಕೂಲಿ ಕೊಡಬೇಕು.

ಕೈಯೊಡನೆ ಬಾಳುವ ಮಾತು

ಇನ್ನು ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರ ಮೇ 1ರಿಂದ ಅದು ಮಹಾರಾಷ್ಟ್ರವಾಯಿತು. ಗೆರೆ ಬಿತ್ತು, ಬೀಗತನ ತಪ್ಪಲಿಲ್ಲ. ಇಂಡಿ, ಅಫಜಲಪುರ, ಆಳಂದಗಳಿಗೆ ಕೊಟ್ಟ ಹೆಣ್ಣುಮಕ್ಕಳು ಚೊಚ್ಚಲ ಬಾಣಂತನಕ್ಕೆ ಈಚೆಗೆ ಬರುತ್ತಾರೆ. ಕೂಸಿನೊಡನೆ ಅಜ್ಜಿಯ ಸೀರೆಯ ಕೌದಿ ಆಚೆಗೆ ಹೋಗುತ್ತದೆ.

ಈಚೆ ಉಳಿದ ನಮ್ಮ ಮಕ್ಕಳಿಗೆ ಕನ್ನಡದ ಪಠ್ಯಪುಸ್ತಕಗಳಿಗೆ ಕೊರತೆಯಿಲ್ಲ. 1967ರಲ್ಲಿ ಸ್ಥಾಪಿತವಾದ ಬಾಲಭಾರತಿಯು ಮರಾಠಿಯೊಡನೆ ಕನ್ನಡದಲ್ಲಿಯೂ ಪುಸ್ತಕ ಪ್ರಕಟಿಸುತ್ತ ಬಂದಿದೆ. ಆದರೆ ಪುಸ್ತಕದ ಕನ್ನಡ ಬೇರೆ, ಕೈಯ ಕನ್ನಡ ಬೇರೆ. ಸೆರಗು, ಒಡಲು, ದಡಿ, ಅಂಚು, ಎಳೆ, ಪದರು, ಮಡಿಕೆ, ತೇಪೆ. ಹರವು, ಹಾಸು, ಮಡಿಚು, ಪೋಣಿಸು, ಬಿಗಿ, ಸಡಿಲಿಸು: ಇವು ಪರೀಕ್ಷೆಯ ಪ್ರಶ್ನೆಗಳಲ್ಲಿ ಅಷ್ಟಾಗಿ ಬರುವ ಶಬ್ದಗಳಲ್ಲ. ಕೆಲಸ ನಡೆದಾಗ ಮಾತ್ರ ಬಾಯಿಗೆ ಬರುವಂಥವು. ಕೆಲಸ ನಿಂತ ಮನೆಯಲ್ಲಿ ಮಾತೂ ನಿಲ್ಲುತ್ತದೆ. ಮರಾಠಿಯೊಡನೆ ನಮಗೆ ಜಗಳವಿಲ್ಲ. ನಮ್ಮ ಮಕ್ಕಳು ತೇಪೆಯೊಡನೆ ಠಿಗಳವನ್ನೂ ಕಲಿಯಲಿ. ಎರಡು ಶಬ್ದ ಬಲ್ಲವನು ಒಂದನ್ನು ಕಳೆದುಕೊಂಡರೆ ಅದು ಕಲಿಕೆಯಾಗದು, ನಷ್ಟವಾಗುತ್ತದೆ.

1937ರಲ್ಲಿ ವರ್ಧಾದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ಎಲ್ಲ ಪಾಠಗಳನ್ನು ಕಲಿಸಬೇಕೆಂಬ ಯೋಜನೆಯನ್ನು ಮುಂದಿಟ್ಟರು. ನಮ್ಮ ಶಾಲೆಗಳಲ್ಲಿ ಕಾರ್ಯಾನುಭವ ಎಂಬ ವಿಷಯವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ಇಯತ್ತೆಯ ಮಕ್ಕಳಿಗೆ ಚೀಲವಿಲ್ಲದ 10 ದಿನಗಳನ್ನು ಸ್ಥಳೀಯ ಕಸುಬುಗಳಿಗಾಗಿ ಸೂಚಿಸಿದೆ. ಕಾಗದದಲ್ಲಿ ದಾರಿ ತೆರೆದಿದೆ. ಆ ದಾರಿಯಲ್ಲಿ ಕರೆದೊಯ್ಯಬಲ್ಲ ಗುರುಗಳು ನಮ್ಮ ನಿಮ್ಮ ಪಡಸಾಲೆಗಳಲ್ಲಿಯೇ ಕುಳಿತಿದ್ದಾರೆ. ಅವರಿಗೆ ಎಪ್ಪತ್ತು, ಎಂಬತ್ತು ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ಸೂಜಿ ಪೋಣಿಸಲು ಎಳೆಯ ಕಣ್ಣು ಬೇಕು, ಸಾಲು ಹಿಡಿಸಲು ಹಳೆಯ ಕೈ ಬೇಕು. ಎರಡೂ ಒಂದೇ ಮನೆಯಲ್ಲಿ ಒಟ್ಟಿಗೆ ಇರುವ ವರ್ಷಗಳು ಹೆಚ್ಚಿಲ್ಲ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಈ ಸಲದ ನವರಾತ್ರಿಗೆ ಪೆಟ್ಟಿಗೆಯ ತಳದ ಒಂದು ಹಳೆಯ ಸೀರೆಯನ್ನು ಹೊರತೆಗೆಯಿರಿ. ಪೂರ್ಣ ಕೌದಿ ಆಗದಿದ್ದರೆ ಉಳಿದ ಆ ಒಂದು ಗಜದ ಕೂಸಿನ ಕೌದಿಯೇ ಆಗಲಿ. ಮಕ್ಕಳನ್ನು ಕೂಡ್ರಿಸಿಕೊಂಡು, ಯಾವ ತುಂಡು ಯಾರದು, ಯಾವ ಮದುವೆಗೆ ತಂದದ್ದು ಎಂದು ಹೇಳುತ್ತ ಹೊಲಿಯಿರಿ. ಅವರು ಪಾಟಿಯ ಮೇಲೋ ವಹಿಯಲ್ಲಿಯೋ ಆ ಶಬ್ದಗಳನ್ನು ಬರೆದುಕೊಳ್ಳಲಿ. ದೀಪಾವಳಿ ಕಳೆದು ಚಳಿ ಇಳಿಯುವ ಹೊತ್ತಿಗೆ ಮನೆಯಲ್ಲಿ ಒಂದು ಹೊದಿಕೆ ಹೆಚ್ಚಾಗಿರುತ್ತದೆ. ಮಕ್ಕಳ ಬಾಯಲ್ಲಿ ಹತ್ತಿಪ್ಪತ್ತು ಕನ್ನಡ ಶಬ್ದಗಳೂ ಉಳಿದಿರುತ್ತವೆ.