ಕಂಪನಿಯ ವಿಳಾಸ, ದಾದಾ ಅವರ ಕರೆಂಟ್ ಬಿಲ್

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಕಂಪನಿಯ ಸ್ಥಾಪನೆಯ ಪಾಠ ಎಲ್ಲರಿಗೂ ನೆನಪಿರಬಹುದು. ಮೆಮೊರಾಂಡಮ್‌ನಲ್ಲಿ ಹೆಸರಿನ ಕಲಂ ಆದ ಮೇಲೆ ನೋಂದಾಯಿತ ಕಚೇರಿಯ ಕಲಂ ಬರುತ್ತದೆ. ಕೆಲವೇ ಸಾಲು. ಸರ್ ಐದು ನಿಮಿಷದಲ್ಲಿ ಮುಗಿಸಿದರು. ನಾನು ಎರಡು ಅಂಕದ ಪ್ರಶ್ನೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಮುಂದೆ ಹೋದೆ. ಅದೇ ಸಾಲುಗಳಿಗಾಗಿ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಮಾತು ನಡೆಯುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನನ್ನ ಭಾಯಿ ಇಬ್ಬರು ಗೆಳೆಯರ ಜೊತೆ ದಾಂಡೇಲಿಗೆ ಬರುವ ಪ್ರವಾಸಿಗರಿಗೆ ಜೀಪು ಓಡಿಸುತ್ತಾನೆ. ಜೋಯಿಡಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗೆಳೆಯನ ಮನೆಯನ್ನೇ ಹೋಮ್‌ಸ್ಟೇ ಮಾಡಿದ್ದಾರೆ. ಮೂವರ ಪಾಲು ಕಾಗದದ ಮೇಲೆ ಇರಲಿ ಎಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಲು ಹೊರಟರು. ಹುಬ್ಬಳ್ಳಿಯ ಲೆಕ್ಕಪರಿಶೋಧಕರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ರಿಜಿಸ್ಟರ್ಡ್ ಆಫೀಸ್ ಎಲ್ಲಿ?" ಮೂವರೂ ಮುಖ ಮುಖ ನೋಡಿಕೊಂಡರಂತೆ.

ಕಂಪನಿ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿ ಎಂದು ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ಈ ವ್ಯಕ್ತಿಗೆ ಮೈಯಿಲ್ಲ. ಅದಕ್ಕೆ ಸಾಲ ಕೊಟ್ಟವರು, ಅದರ ಮೇಲೆ ದಾವೆ ಹೂಡುವವರು, ತೆರಿಗೆ ಇಲಾಖೆಯವರು ಅದನ್ನು ಎಲ್ಲಿ ಹುಡುಕಬೇಕು? 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಇದಕ್ಕೆ ಉತ್ತರ ಕೊಡುತ್ತದೆ. ಕಂಪನಿ ಹುಟ್ಟಿದ 30 ದಿನಗಳೊಳಗೆ ಅದಕ್ಕೊಂದು ಕಚೇರಿ ಇರಬೇಕು, ಆಮೇಲೂ ಸದಾ ಇರಬೇಕು. ತನಗೆ ಬಂದ ಪತ್ರ, ನೋಟಿಸುಗಳನ್ನು ಪಡೆದು, ಬಂದಿದೆ ಎಂದು ಸಹಿ ಹಾಕುವಂತಿರಬೇಕು. ಎಷ್ಟು ಚದರಡಿ, ಎಷ್ಟು ಕುರ್ಚಿ, ಮುಖ್ಯ ರಸ್ತೆಯಲ್ಲಿದೆಯೇ ಎಂದು ಈ ಸೆಕ್ಷನ್ ಕೇಳುವುದಿಲ್ಲ. ಆ ವಿಳಾಸಕ್ಕೆ ಸರಿಯಾಗಿ ಅಂಚೆಯಲ್ಲಿ ಕಳಿಸಿದ ನೋಟಿಸು ತಲುಪಿದೆ ಎಂದೇ ಸಾಮಾನ್ಯವಾಗಿ ಲೆಕ್ಕ. ‘ನಾವು ಊರಲ್ಲಿರಲಿಲ್ಲ’ ಎಂದರೆ ಒಪ್ಪುವವರು ಕಡಿಮೆ.

ಕೆಲಸ ನಡೆಯುವ ಜಾಗವೇ ನೋಂದಾಯಿತ ಕಚೇರಿ ಎಂದು ನಾನು ತಿಳಿದಿದ್ದೆ. ನಮ್ಮ ಸುತ್ತಲಿನ ಎರಡು ಕಾರ್ಖಾನೆ ನೋಡಿದರೆ ಅದು ತಪ್ಪು ಎಂದು ತಿಳಿಯುತ್ತದೆ. ಹಳಿಯಾಳದ ಸಕ್ಕರೆ ಕಾರ್ಖಾನೆ ಇಐಡಿ ಪ್ಯಾರಿ ಕಂಪನಿಯದು. ಕಬ್ಬು ಹಳಿಯಾಳದ್ದು, ಹೊಗೆ ಹಳಿಯಾಳದ್ದು, ನೋಂದಾಯಿತ ಕಚೇರಿ ಮಾತ್ರ ಚೆನ್ನೈಯಲ್ಲಿ. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇದಕ್ಕೆ ಉಲ್ಟಾ. ಅದಕ್ಕೆ ಕೋಲ್ಕತ್ತದಲ್ಲಿ ದೊಡ್ಡ ಕಚೇರಿ ಇದೆ, ಆದರೆ ನೋಂದಾಯಿತ ಕಚೇರಿ ಬಂಗೂರನಗರ, ದಾಂಡೇಲಿ 581325. ಪತ್ರಿಕೆಯಲ್ಲಿ ಅದರ ತ್ರೈಮಾಸಿಕ ಲೆಕ್ಕ ಬಂದಾಗ ಜಾಹೀರಾತಿನ ತಲೆಯ ಮೇಲೆ ನಮ್ಮ ಊರಿನ ಹೆಸರು ಇರುತ್ತದೆ. ನೋಡಿದಾಗಲೆಲ್ಲ ನನಗೆ ಸುಮ್ಮನೆ ಖುಷಿ.

ಇದು ಬರೀ ಖುಷಿಯ ವಿಷಯವೂ ಅಲ್ಲ. ವಾರ್ಷಿಕ ಸಾಮಾನ್ಯ ಸಭೆಯನ್ನು ನೋಂದಾಯಿತ ಕಚೇರಿಯಲ್ಲಿ ಅಥವಾ ಅದೇ ಊರಿನ ಬೇರೆ ಜಾಗದಲ್ಲಿ ನಡೆಸಬೇಕು ಎಂದು 96ನೇ ಸೆಕ್ಷನ್ ಹೇಳುತ್ತದೆ. ಶೇರುಪೇಟೆಯಲ್ಲಿಲ್ಲದ ಕಂಪನಿಗೆ, ಸದಸ್ಯರೆಲ್ಲ ಮೊದಲೇ ಒಪ್ಪಿದರೆ, ಇದರಿಂದ ವಿನಾಯಿತಿ ಇದೆ. ಅಂದರೆ ಮುಂಬಯಿಯ ಶೇರುದಾರನೊಬ್ಬ ಪೇಪರ್ ಮಿಲ್ಲಿನ ನಿರ್ದೇಶಕರನ್ನು ಸಭೆಯಲ್ಲಿ ಎದುರೆದುರು ಪ್ರಶ್ನಿಸಬೇಕೆಂದರೆ ದಾಂಡೇಲಿಗೇ ಬರಬೇಕು. 2020ರಲ್ಲಿ ಕೊರೊನಾ ಬಂದ ಮೇಲೆ ವಿಡಿಯೋ ಮೂಲಕ ಸಭೆ ನಡೆಸಲು ಸರ್ಕಾರ ಅವಕಾಶ ಕೊಟ್ಟಿತು.

ಪ್ರತಿ ಕಂಪನಿಗೂ 21 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಅದರಲ್ಲೂ ವಿಳಾಸದ ನೆರಳಿದೆ. ಪೇಪರ್ ಮಿಲ್ಲಿನ ಸಂಖ್ಯೆಯ ನಡುವೆ ‘ಕೆಎ’, ಪ್ಯಾರಿಯದರಲ್ಲಿ ‘ಟಿಎನ್’. ಇವು ರಾಜ್ಯದ ಗುರುತು. ಪೇಪರ್ ಮಿಲ್ಲಿನದರಲ್ಲಿ ‘ಕೆಎ’ ಆದ ಮೇಲೆ 1955 ಎಂದಿದೆ, ಅದು ಕಂಪನಿ ಹುಟ್ಟಿದ ವರ್ಷ. ತಮಾಷೆ ಏನೆಂದರೆ 1955ರಲ್ಲಿ ದಾಂಡೇಲಿ ಬಾಂಬೆ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. ಆ ಸಂಖ್ಯೆಯಲ್ಲಿ ವರ್ಷ ಹಳೆಯದು, ರಾಜ್ಯ ಈಗಿನದು.

ಭಾಯಿಯ ಕಥೆಗೆ ಬರುತ್ತೇನೆ. ಅವರ ಮುಂದೆ ಮೊದಲು ಮೂರು ವಿಳಾಸ ಇದ್ದವು.

ಗೋವಾ ಮೊದಲು. ಜೋಯಿಡಾದಾಚೆ ಗೋವಾ, ಅಲ್ಲಿಂದ ಪ್ರವಾಸಿಗರು ಬರುತ್ತಾರೆ, ಪಣಜಿಯ ವಿಳಾಸವಿದ್ದರೆ ತೂಕ ಎಂದು ಒಬ್ಬ ಗೆಳೆಯನ ವಾದ. ಮೆಮೊರಾಂಡಮ್‌ನಲ್ಲಿ ಬರೆಯುವುದು ರಾಜ್ಯದ ಹೆಸರು ಮಾತ್ರ, ಪೂರ್ತಿ ವಿಳಾಸ ಅಲ್ಲ. ಹಾಗಾಗಿ ಒಂದೇ ಊರಿನೊಳಗೆ ಕಚೇರಿ ಬದಲಿಸಲು ನಿರ್ದೇಶಕರ ಠರಾವು ಮಾಡಿ 30 ದಿನದಲ್ಲಿ ರಿಜಿಸ್ಟ್ರಾರ್‌ಗೆ ತಿಳಿಸಿದರೆ ಆಯಿತು. ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗಬೇಕೆಂದರೆ ಊರಿನ ಗಡಿ ದಾಟಿದಂತೆ, ಅದಕ್ಕೆ ಸದಸ್ಯರ ವಿಶೇಷ ಠರಾವು ಬೇಕು. ರಾಜ್ಯ ದಾಟಬೇಕೆಂದರೆ ಮೆಮೊರಾಂಡಮ್ಮೇ ಬದಲಾಗಬೇಕು, ಕೇಂದ್ರ ಸರ್ಕಾರದ ಅನುಮತಿ ಬೇಕು. ಮೂರು ಜೀಪಿನ ಕಂಪನಿಗೆ ಇದು ಬೇಡ ಎಂದು ಗೋವಾ ಕೈಬಿಟ್ಟರು.

ಎರಡನೆಯದು ಹೋಮ್‌ಸ್ಟೇ ಮನೆ. ಅದರ ಹಳೆಯ ಕಾಗದಗಳಲ್ಲಿ ತಾಲ್ಲೂಕು ‘ಸೂಪಾ’ ಎಂದಿದೆ. ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂದದ್ದು ನಮ್ಮ ಹಿರಿಯರಿಗೆಲ್ಲ ಗೊತ್ತು. ಕರೆಂಟ್ ಬಿಲ್ಲಿನಲ್ಲಿ ಜೋಯಿಡಾ, ಮನೆಯ ಕಾಗದದಲ್ಲಿ ಸೂಪಾ. ಅದನ್ನು ಹೇಗೋ ಸರಿಪಡಿಸಬಹುದಿತ್ತು, ಆದರೆ ಮಳೆಗಾಲದಲ್ಲಿ ಅಲ್ಲಿಗೆ ಅತಿಥಿಗಳು ಬರುವುದಿಲ್ಲ, ಗೆಳೆಯನೂ ದಾಂಡೇಲಿಯಲ್ಲೇ ಇರುತ್ತಾನೆ. ಬಂದ ಪತ್ರಕ್ಕೆ ಸಹಿ ಹಾಕುವವರು ಯಾರು?

ಮೂರನೆಯದು ದಾಂಡೇಲಿಯಲ್ಲಿ ಅವರು ಬಾಡಿಗೆಗೆ ಹಿಡಿದ ಸಣ್ಣ ಅಂಗಡಿ. ಮಾಲೀಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಸಹಿ ಹಾಕಿದರೆ ಅಂಗಡಿ ಕಂಪನಿಯದೇ ಆಗಿಬಿಟ್ಟೀತು ಎಂಬ ಹೆದರಿಕೆ. ಹಾಗೇನೂ ಆಗುವುದಿಲ್ಲ, ಆ ಪತ್ರದಿಂದ ವಿಳಾಸ ಬಳಸುವ ಅನುಮತಿ ಸಿಗುತ್ತದೆಯೇ ಹೊರತು ಒಡೆತನ ಸಿಗುವುದಿಲ್ಲ. ಆದರೂ ಅವರು ಕೇಳಲಿಲ್ಲ.

ಕೊನೆಗೆ ಉಳಿದದ್ದು ನಮ್ಮ ಮನೆ. ಅಮ್ಮಿ ಮೊದಲು ಬೇಡವೆಂದರು. ಮನೆಗೆ ಕಂಪನಿಯ ಬೋರ್ಡು ಹಾಕಿದರೆ ಹೊತ್ತಲ್ಲದ ಹೊತ್ತಿನಲ್ಲಿ ಗುರುತಿಲ್ಲದವರು ಬಾಗಿಲು ಬಡಿಯುತ್ತಾರೆ ಎಂದು. ಬೋರ್ಡು ಹಾಕದೆ ಬೇರೆ ದಾರಿ ಇರಲಿಲ್ಲ. ಹೆಸರು, ವಿಳಾಸ ಹೊರಗೆ ಕಾಣುವಂತೆ ಬರೆಸಬೇಕು, ಆ ಊರಿನಲ್ಲಿ ಬಳಕೆಯಲ್ಲಿರುವ ಭಾಷೆಯ ಅಕ್ಷರಗಳಲ್ಲೂ ಇರಬೇಕು ಎಂದು ಕಾಯ್ದೆಯಲ್ಲೇ ಇದೆ. ಗೇಟಿನ ಪಕ್ಕ ಸಣ್ಣದು ಹಾಕುವುದು ಎಂದು ರಾಜಿಯಾಯಿತು.

ನಿಜವಾದ ತೊಡಕು ಬಂದದ್ದು ಆಮೇಲೆ. ಮಾಲೀಕರ ಒಪ್ಪಿಗೆ ಪತ್ರದ ಜೊತೆ ಕರೆಂಟ್, ಗ್ಯಾಸ್ ಅಥವಾ ಫೋನ್ ಬಿಲ್ ಕೊಡಬೇಕು. ಅದು ಎರಡು ತಿಂಗಳಿಗಿಂತ ಹಳೆಯದಾಗಿರಬಾರದು, ಮಾಲೀಕರ ಹೆಸರಿನಲ್ಲಿರಬೇಕು. ನಮ್ಮ ಹೆಸ್ಕಾಂ ಬಿಲ್ಲು ದಾದಾ ಅವರ ಹೆಸರಿನಲ್ಲಿ ಬರುತ್ತದೆ. ದಾದಾ ತೀರಿಕೊಂಡು ಆರು ವರ್ಷವಾಯಿತು. ನಗರಸಭೆಯ ಖಾತೆಯೂ ಅವರ ಹೆಸರಿನಲ್ಲೇ. ಪ್ರತಿ ತಿಂಗಳು ಅಬ್ಬಾ ಆ ಬಿಲ್ಲು ಕಟ್ಟುತ್ತಿದ್ದರು, ನಾನೂ ಎಷ್ಟೋ ಸಲ ಕಟ್ಟಿ ಬಂದಿದ್ದೇನೆ. ಹೆಸರು ಯಾರೂ ನೋಡಿರಲಿಲ್ಲ. ಲೆಕ್ಕಪರಿಶೋಧಕರು ನೋಡಿದರು. "ವಾರಸುದಾರರು ಯಾರು ಯಾರು? ಎಲ್ಲರ ಸಹಿ ಬೇಕು" ಎಂದರು.

ವಾರಸುದಾರರು ಇಬ್ಬರು. ಅಬ್ಬಾ, ಮತ್ತು ಮುಂಡಗೋಡಕ್ಕೆ ಮದುವೆಯಾಗಿ ಹೋದ ಫುಪ್ಪು. ಶರೀಅತ್ ಪ್ರಕಾರ ಅಣ್ಣನಿಗೆ ಎರಡು ಪಾಲು, ತಂಗಿಗೆ ಒಂದು ಪಾಲು ಎಂದು ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಯಾರೂ ಇಲ್ಲವೆಂದಿರಲಿಲ್ಲ. ಆದರೆ ಆರು ವರ್ಷದಲ್ಲಿ ಯಾರೂ ಆ ಮಾತು ಎತ್ತಿರಲೂ ಇಲ್ಲ.

ಅಬ್ಬಾ ಒಂದು ಭಾನುವಾರ ಮುಂಡಗೋಡಕ್ಕೆ ಹೊರಟರು, ನನ್ನನ್ನೂ ಕರೆದುಕೊಂಡು ಹೋದರು. ಫುಪ್ಪು ಕಾಗದವನ್ನು ಎರಡು ಸಲ ಓದಿದರು. ಚಹಾ ಆರಿಹೋಯಿತು. ಆಮೇಲೆ, "ಭಾಯ್, ನನ್ನ ಸಹಿ ಬೇಕು ಅಂತ ಹುಬ್ಬಳ್ಳಿಯವರು ಹೇಳಿದ್ರು. ನೀವು ಹೇಳಲಿಲ್ಲ" ಎಂದರು. ಜೋರಾಗಿ ಹೇಳಲಿಲ್ಲ. ಅಬ್ಬಾ ತಲೆ ಎತ್ತಲಿಲ್ಲ. ಸಹಿ ಹಾಕುತ್ತೇನೆ, ಮೊದಲು ಖಾತೆಯಲ್ಲಿ ಇಬ್ಬರ ಹೆಸರೂ ಬರಲಿ ಎಂದು ಫುಪ್ಪು ಹೇಳಿ ಕಾಗದ ಮಡಚಿ ಕೊಟ್ಟರು.

ಭಾಯಿಗೆ ಅವಸರ. ಸದ್ಯಕ್ಕೆ ಪತ್ರ ವ್ಯವಹಾರದ ವಿಳಾಸ ಕೊಟ್ಟು ಕಂಪನಿ ನೋಂದಾಯಿಸಿ, ನೋಂದಾಯಿತ ಕಚೇರಿಯ ವಿವರವನ್ನು ಆಮೇಲೆ ಕೊಡುವ ಅವಕಾಶ ಇದೆ. ಹಾಗೇ ಮಾಡೋಣ ಎಂದ. ಆದರೆ ಆ ‘ಆಮೇಲೆ’ ಎಂದರೆ 30 ದಿನ ಮಾತ್ರ. ತಪ್ಪಿದರೆ ಕಂಪನಿಗೂ ಹೊಣೆಯಿರುವ ನಿರ್ದೇಶಕರಿಗೂ ದಿನಕ್ಕೆ 1,000 ರೂಪಾಯಿ ದಂಡ, ಗರಿಷ್ಠ 1 ಲಕ್ಷದವರೆಗೆ. ಖಾತೆ ಬದಲಾವಣೆ 30 ದಿನದಲ್ಲಿ ಮುಗಿಯುತ್ತದೆ ಎಂದು ಮನೆಯಲ್ಲಿ ಯಾರಿಗೂ ಧೈರ್ಯ ಇರಲಿಲ್ಲ. ಕಾದರು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಅರ್ಜಿ, ಆಮೇಲೆ ಹೆಸ್ಕಾಂ ಬಿಲ್ಲಿನ ಹೆಸರು. ಒಂದು ಸೀಸನ್ ಕೈತಪ್ಪಿತು ಎಂದು ಭಾಯಿ ಈಗಲೂ ಗೊಣಗುತ್ತಾನೆ. ನನಗೆ ಹಾಗನ್ನಿಸುವುದಿಲ್ಲ.

ಹೊಸ ಖಾತೆಯ ಪ್ರತಿಯನ್ನು ಫುಪ್ಪು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅದೇ ದಿನ ಸಹಿ ಹಾಕಿದರು.

ಉಳಿದದ್ದು ಬೇಗ ಆಯಿತು. ಲೆಕ್ಕದ ಪುಸ್ತಕಗಳೂ ನೋಂದಾಯಿತ ಕಚೇರಿಯಲ್ಲೇ ಇರಬೇಕು, ಬೇರೆ ಕಡೆ ಇಡುವುದಾದರೆ ನಿರ್ದೇಶಕರು ತೀರ್ಮಾನಿಸಿ ಏಳು ದಿನದಲ್ಲಿ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಭಾಯಿಯವರು ಮನೆಯ ಒಂದು ಕಪಾಟು ಖಾಲಿ ಮಾಡಿಸಿದರು. ಜಿಎಸ್‌ಟಿಯಲ್ಲಿ ಅಂಗಡಿ, ಹೋಮ್‌ಸ್ಟೇಗಳನ್ನು ಹೆಚ್ಚುವರಿ ಸ್ಥಳಗಳು ಎಂದು ತೋರಿಸಬಹುದು. ವ್ಯವಹಾರ ನಡೆಯುವ ಆ ಎರಡೂ ಕಡೆ ಬೋರ್ಡು ಬೇಕು.

ಕಂಪನಿಯ ಹೆಸರಿಗೆ ಬಂದ ಮೊದಲ ಲಕೋಟೆ ಬ್ಯಾಂಕಿನದು. ಆ ಹೊತ್ತಿಗೆ ಮನೆಯಲ್ಲಿದ್ದವರು ಅಮ್ಮಿ ಒಬ್ಬರೇ. ಪೋಸ್ಟ್‌ಮನ್ ಹೆಸರು ಓದಿದಾಗ, ಇಲ್ಲಿ ಅಂಥವರು ಯಾರೂ ಇಲ್ಲ ಎಂದು ಬಾಗಿಲು ಹಾಕಲು ಹೊರಟಿದ್ದರಂತೆ. ಪೋಸ್ಟ್‌ಮನ್ ಗೇಟಿನ ಪಕ್ಕದ ಬೋರ್ಡು ತೋರಿಸಿದ ಮೇಲೆ ಸಹಿ ಹಾಕಿ ಲಕೋಟೆ ತೆಗೆದುಕೊಂಡರು.