ಬೆಕ್ಕಿಗೆ ಎಫ್.ಐ.ವಿ. ಪಾಸಿಟಿವ್ ಬಂದರೆ ಗಾಬರಿ ಬೇಡ!



ಕಳೆದ ವರ್ಷ ನಮ್ಮ ಮನೆಗೆ ಮೂರು ತಿಂಗಳ ಬೆಕ್ಕಿನ ಮರಿಯೊಂದು ಬಂತು. ಮಗಳು ಅದಕ್ಕೆ 'ಪುಟ್ಟಿ' ಎಂದು ಹೆಸರಿಟ್ಟಳು. ಮೊದಲ ತಪಾಸಣೆಗೆಂದು ಪಶುವೈದ್ಯರ ಬಳಿ ಕರೆದುಕೊಂಡು ಹೋದೆವು. ಕೆಲವೇ ಹನಿ ರಕ್ತ, ಹತ್ತು ನಿಮಿಷ... ಎಫ್.ಐ.ವಿ. ಪಾಸಿಟಿವ್! ಊರಿನಿಂದ ಬಂದಿದ್ದ ಅಮ್ಮ, "ಬೆಕ್ಕಿಗೂ ಏಡ್ಸಾ? ಮಗು ಅದನ್ನ ಎತ್ಕೊಂಡೇ ಇರತ್ತಲ್ಲೋ!" ಎಂದು ಹೌಹಾರಿದರು. ಪರಿಚಯದವರೊಬ್ಬರು "ವಾಪಸ್ ಕೊಟ್ಟುಬಿಡಿ" ಎಂದರು. ಮಗಳ ಅಳು ನಿಲ್ಲಲಿಲ್ಲ. ಆಗ ನಾವು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಏನಿದು ಎಫ್.ಐ.ವಿ.?

ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ನಿಧಾನವಾಗಿ ಕುಗ್ಗಿಸುವ ವೈರಸ್ ಇದು. 1986ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದ ಪೆಟಲೂಮಾದ ಬೆಕ್ಕುಗಳಲ್ಲಿ ಇದನ್ನು ಪತ್ತೆಹಚ್ಚಿದವರು ಡೇವಿಸ್ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್ಸನ್ ಮತ್ತು ಜ್ಯಾನೆಟ್ ಯಮಾಮೋಟೊ. ಮನುಷ್ಯರ ಎಚ್.ಐ.ವಿ.ಯ ಸಂಬಂಧಿಯಾದರೂ ಇದು ಮನುಷ್ಯರಿಗೆ ಅಂಟುವುದಿಲ್ಲ. ಮುಖ್ಯವಾಗಿ ಜಗಳದಲ್ಲಿ ಆಳವಾಗಿ ಕಚ್ಚಿದಾಗ ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ.

ಪರೀಕ್ಷೆ ಹುಡುಕುವುದು ಏನನ್ನು?

ಕ್ಲಿನಿಕ್‌ನಲ್ಲಿ ಮಾಡುವ ಎಲೈಸಾ ಕಿಟ್ ವೈರಸ್ಸನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಅಂದರೆ ಕಳ್ಳನನ್ನಲ್ಲ, ಕಳ್ಳನ ಬೆನ್ನು ಹತ್ತಿದ ಪೊಲೀಸರನ್ನು! ಒಮ್ಮೆ ತಗುಲಿದ ಸೋಂಕು ಜೀವನಪೂರ್ತಿ ಉಳಿಯುವುದರಿಂದ ಸಾಮಾನ್ಯವಾಗಿ ಈ ಲೆಕ್ಕ ಸರಿಯೇ. ಆದರೆ ಮೂರು ಕಡೆ ತಪ್ಪಬಹುದು:

1. ಮರಿಗಳು: ಸೋಂಕಿರುವ ತಾಯಿಯ ಹಾಲಿನಿಂದ ಪ್ರತಿಕಾಯಗಳು ಮರಿಗೆ ಬರುತ್ತವೆ, ವೈರಸ್ ಬಂದಿರಬೇಕೆಂದಿಲ್ಲ. ಆರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

2. ಲಸಿಕೆ: 2002ರಲ್ಲಿ ಅಮೆರಿಕದಲ್ಲಿ ಬಂದು, ನಂತರ ಇಲ್ಲಿ ನಿಂತುಹೋದ ಎಫ್.ಐ.ವಿ. ಲಸಿಕೆ ಪಡೆದ ಬೆಕ್ಕುಗಳೂ ಪಾಸಿಟಿವ್ ತೋರಿಸಬಹುದು.

3. ಹೊಸ ಗಾಯ: ಕಚ್ಚಿಸಿಕೊಂಡ ಕೂಡಲೇ ಪರೀಕ್ಷಿಸಿದರೆ ಸೋಂಕಿದ್ದೂ ನೆಗೆಟಿವ್ ಬರಬಹುದು. ಪ್ರತಿಕಾಯ ಮೂಡಲು ಸಮಯ ಬೇಕು. ಸುಮಾರು 60 ದಿನಗಳ ನಂತರ ಮತ್ತೆ ನೋಡಬೇಕು.

ಸ್ವಲ್ಪ ಗಣಿತ

ನಾವು ಸಾಫ್ಟ್‌ವೇರ್ ಜನ, ಲೆಕ್ಕ ಹಾಕದೆ ಇರಲಾಗಲಿಲ್ಲ! ಉದಾಹರಣೆಗೆ, ಮನೆಯೊಳಗೇ ಇರುವ 1000 ಬೆಕ್ಕುಗಳಲ್ಲಿ 10ಕ್ಕೆ ಮಾತ್ರ ಸೋಂಕಿದೆ ಎಂದುಕೊಳ್ಳಿ. ಆರೋಗ್ಯವಂತ 100 ಬೆಕ್ಕುಗಳಲ್ಲಿ ಒಂದಕ್ಕೆ ಕಿಟ್ ತಪ್ಪಾಗಿ ಪಾಸಿಟಿವ್ ಹೇಳುತ್ತದೆ ಎನ್ನಿ. ಆಗ ನಿಜವಾದ ಪಾಸಿಟಿವ್ 10, ಸುಳ್ಳು ಪಾಸಿಟಿವ್ ಕೂಡ ಸುಮಾರು 10! ಶೇಕಡಾ 99 ಸರಿ ಹೇಳುವ ಕಿಟ್ ಪಾಸಿಟಿವ್ ಎಂದಾಗ ಅರ್ಧದಷ್ಟು ಸಲ ತಪ್ಪು. ಬೀದಿ ಜಗಳದ ಗಂಡು ಬೆಕ್ಕಿನ ವಿಷಯದಲ್ಲಾದರೆ ಅದೇ ಫಲಿತಾಂಶ ಹೆಚ್ಚು ನಂಬಲರ್ಹ. ಆದ್ದರಿಂದಲೇ ಬೇರೆ ಬಗೆಯ ಕಿಟ್‌ನಿಂದ ಅಥವಾ ಪಿ.ಸಿ.ಆರ್. ಮೂಲಕ ಖಚಿತಪಡಿಸಿಕೊಳ್ಳಬೇಕು. ಪಿ.ಸಿ.ಆರ್. ವೈರಸ್ಸಿನ ವಂಶವಾಹಿಯನ್ನೇ ಹುಡುಕುತ್ತದೆ. ಆದರೆ ರಕ್ತದಲ್ಲಿ ವೈರಸ್ ತೀರಾ ಕಡಿಮೆಯಿದ್ದರೆ ಅದಕ್ಕೂ ಸಿಗದಿರಬಹುದು.

ನಿಜವಾಗಿಯೂ ಪಾಸಿಟಿವ್ ಆದರೆ?

ಅದು ಮರಣದಂಡನೆಯಲ್ಲ. ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಆರೋಗ್ಯವಾಗಿರುತ್ತವೆ. ಮನೆಯೊಳಗೇ ಸಾಕಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಹಸಿ ಮಾಂಸ ಕೊಡಬೇಡಿ, ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ. ಬಾಯಿ ಹುಣ್ಣು, ತೂಕ ಇಳಿಕೆ ಕಂಡರೆ ತಡಮಾಡಬೇಡಿ.

ನಮ್ಮ ಪುಟ್ಟಿಗೆ ಏಳು ತಿಂಗಳಾದಾಗ ಮತ್ತೆ ಪರೀಕ್ಷಿಸಿದೆವು. ನೆಗೆಟಿವ್! ತಾಯಿಯ ಪ್ರತಿಕಾಯಗಳು ಕರಗಿಹೋಗಿದ್ದವು. ಪಾಸಿಟಿವ್ ಬಂದಿದ್ದರೂ ಅವಳು ನಮ್ಮ ಮನೆಯಲ್ಲೇ ಇರುತ್ತಿದ್ದಳು ಎಂದು ಆ ವೇಳೆಗಾಗಲೇ ನಿಶ್ಚಯಿಸಿದ್ದೆವು. ಒಂದೇ ಪರೀಕ್ಷೆ ನೋಡಿ ಬೆಕ್ಕನ್ನು ಬಿಟ್ಟುಕೊಡುವ, ದಯಾಮರಣ ಕೊಡಿಸುವ ನಿರ್ಧಾರ ಮಾಡಬೇಡಿ ಎಂಬುದೇ ನಮ್ಮ ವಿನಂತಿ.