ನೊಣದ ಹೊಟ್ಟೆಯೊಳಗಿನ ಸಂಸಾರ

ಮಾಡಲು ಕೆಲಸವಿಲ್ಲದೆ ಕುಳಿತವನನ್ನು ‘ನೊಣ ಹೊಡೆಯುತ್ತಿದ್ದಾನೆ’ ಎಂದು ಹಾಸ್ಯಮಾಡುವುದು ನಮ್ಮಲ್ಲಿ ವಾಡಿಕೆ. ಆದರೆ ನೊಣವನ್ನು ಹೊಡೆಯದೆ, ಅದನ್ನು ಸಾಕಿ, ಅದರ ಕರುಳನ್ನು ಪರೀಕ್ಷಿಸುವುದರಲ್ಲಿಯೇ ವರ್ಷಗಟ್ಟಲೆ ಶ್ರಮಿಸಿದ ವಿದ್ವಾಂಸರೂ ಉಂಟು. ಅವರು ಕಂಡುಕೊಂಡ ಸಂಗತಿಯೊಂದನ್ನು ಕೇಳಿದರೆ ನಮ್ಮ ಗೃಹಿಣಿಯರು ಸುಲಭವಾಗಿ ನಂಬಲಾರರು. ಕೊಳೆಯಲ್ಲಿ ಹುಟ್ಟಿ, ಕೊಳೆಯನ್ನೇ ಉಂಡು ಬೆಳೆದ ನೊಣವು, ರೆಕ್ಕೆ ಮೂಡಿ ಹೊರಬೀಳುವ ಗಳಿಗೆಯಲ್ಲಿ ಹೊಟ್ಟೆಯೊಳಗೆ ಬಹುಮಟ್ಟಿಗೆ ಶುಚಿಯಾಗಿಯೇ ಇರುತ್ತದೆ!

ತಾಯಿನೊಣವು ಸಗಣಿಯ ಮೇಲೋ ಕೊಳೆತ ಕಸದ ಮೇಲೋ ಒಂದು ಸಲಕ್ಕೆ ನೂರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡನೆ ಬ್ಯಾಕ್ಟೀರಿಯಗಳೂ ಇಳಿಯುತ್ತವೆ. ಕೆನಡದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದಂತೆ, ಮೊಟ್ಟೆಗಳ ಮೇಲಿನ ಈ ಬ್ಯಾಕ್ಟೀರಿಯಗಳು ಹೊತ್ತು ಕಳೆದಂತೆ ವೃದ್ಧಿಯಾಗುತ್ತವೆ; ಒಂದು ಮಿತಿಯನ್ನು ಮೀರಿದರೆ ಬೇರೆ ತಾಯಂದಿರು ಅಲ್ಲಿ ಮೊಟ್ಟೆಯಿಡಲು ಹಿಂಜರಿಯುತ್ತವೆ. ಪಂಕ್ತಿ ಮುಗಿಯುವ ಹೊತ್ತಿಗೆ ಬಂದವನಿಗೆ ಎಲೆಯಲ್ಲಿ ಏನು ಉಳಿದೀತು? ತಡವಾಗಿ ಹುಟ್ಟಿದ ಮರಿಯ ಪಾಡೂ ಅದೇ.

ಬಿಸಿಲುಕಾಲದಲ್ಲಿ ಒಂದು ದಿನದೊಳಗೆ ಮೊಟ್ಟೆಯೊಡೆದು ಬಿಳಿಯ ಹುಳು ಹೊರಬರುತ್ತದೆ. ಬ್ಯಾಕ್ಟೀರಿಯಗಳನ್ನು ಪೂರ್ಣವಾಗಿ ನಿವಾರಿಸಿದ ಆಹಾರದಲ್ಲಿ ಇದನ್ನು ಬಿಟ್ಟರೆ ಸರಿಯಾಗಿ ಬೆಳೆಯಲಾರದು. ಇದರ ಕರುಳಿನ ನಡುಭಾಗವು ಬಲು ಹುಳಿ. ಅಲ್ಲಿ ಲೈಸೊಜೈಮ್ ಎಂಬ ಪದಾರ್ಥವು ಬ್ಯಾಕ್ಟೀರಿಯಗಳ ಕವಚವನ್ನು ಒಡೆದು ಜೀರ್ಣಿಸುತ್ತದೆ. ನಮ್ಮ ಕಣ್ಣೀರಿನಲ್ಲಿಯೂ ಇಂಥದೇ ಪದಾರ್ಥವಿದೆ. ನಮ್ಮಲ್ಲಿ ಅದು ಕಾವಲುಗಾರ, ಹುಳುವಿನಲ್ಲಿ ಅಡುಗೆಯವ.

ಕೆಲವು ದಿನ ತಿಂದು ಕೊಬ್ಬಿದ ಹುಳು ಒಣನೆಲವನ್ನರಸಿ ಹೋಗುತ್ತದೆ. ಅದರ ಚರ್ಮವೇ ಗಟ್ಟಿಯಾಗಿ ಕಂದುಬಣ್ಣದ ಕೋಶವಾಗುತ್ತದೆ. ಒಳಗೆ ಹಳೆಯ ಕರುಳು ಕಳಚಿ ಹೊಸದು ಕಟ್ಟಿಕೊಳ್ಳುತ್ತದೆ. ಆಗ ಹಳೆಯ ಸಂಸಾರದ ಗತಿಯೇನು? 1911ರಲ್ಲಿ ಇಂಗ್ಲೆಂಡಿನ ಆರ್ಥರ್ ಬ್ಯಾಕಟ್ ಎಂಬವರು, ಗಾಯದಲ್ಲಿ ನೀಲಿಹಸಿರು ಕೀವುಂಟುಮಾಡುವ ಬ್ಯಾಕ್ಟೀರಿಯವನ್ನು ಹುಳುಗಳಿಗೆ ಉಣಿಸಿದರು. ಮುಂದೆ ರೆಕ್ಕೆ ಬಂದ ನೊಣಗಳಲ್ಲಿಯೂ ಅದು ದೊರೆಯಿತು. ಅದೇ ವರ್ಷ ಲೆಡಿಂಗ್‌ಹ್ಯಾಮ್ ಎಂಬವರು ಟೈಫಾಯ್ಡ್ ಬ್ಯಾಕ್ಟೀರಿಯವನ್ನು ಉಣಿಸಿದಾಗ ಬೇರೆಯೇ ಕಥೆ ನಡೆಯಿತು. ಕರುಳಿನ ಮೂಲನಿವಾಸಿಗಳ ಮುಂದೆ ಟೈಫಾಯ್ಡಿನ ಆಟ ಸಾಗಲಿಲ್ಲ. ಮೊಟ್ಟೆಗಳನ್ನು ಮೊದಲೇ ಔಷಧದಲ್ಲಿ ತೊಳೆದು ಆ ಮೂಲನಿವಾಸಿಗಳನ್ನು ತೆಗೆದುಹಾಕಿದಾಗ ಮಾತ್ರ ಅದು ಕೋಶಾವಸ್ಥೆಯವರೆಗೆ ಬದುಕಿತು. ಅಂದರೆ, ನಾವು ಹೇಸುವ ಹುಳುವಿನ ಹೊಟ್ಟೆಯಲ್ಲಿ ನಮ್ಮ ಶತ್ರುವಿಗೆ ಶತ್ರುಗಳು ಮನೆಮಾಡಿದ್ದರು! ಮುಂದೆ ಅಮೆರಿಕದ ಬರ್ನಾರ್ಡ್ ಗ್ರೀನ್‌ಬರ್ಗ್ ದೀರ್ಘಕಾಲ ಇದನ್ನೇ ಅಭ್ಯಸಿಸಿ, ರೂಪಾಂತರದ ಕಾಲದಲ್ಲಿ ಬ್ಯಾಕ್ಟೀರಿಯಗಳ ಸಂಖ್ಯೆ ಬಹಳ ಇಳಿಯುವುದನ್ನು ತೋರಿಸಿದರು.

ಕೋಶದಿಂದೆದ್ದ ನೊಣವು ಹಳೆಯ ಕರುಳಿನ ಅವಶೇಷವನ್ನು ಮೊದಲ ಮಲದೊಡನೆ ಹೊರಹಾಕುತ್ತದೆ. ಇಷ್ಟು ಶುಚಿಯಾಗಿ ಹುಟ್ಟಿದ್ದು ಕೆಡುವುದು ಊಟಕ್ಕೆ ಹೊರಟ ಮೇಲೆ. ನೊಣಕ್ಕೆ ಅಗಿಯಲು ಹಲ್ಲಿಲ್ಲ. ಸಕ್ಕರೆಯ ಹರಳಿನ ಮೇಲೆ ಹೊಟ್ಟೆಯೊಳಗಿನ ದ್ರವವನ್ನು ಕಕ್ಕಿ, ಕರಗಿಸಿ, ಮತ್ತೆ ಹೀರುತ್ತದೆ. ಕಕ್ಕಿದ್ದರಲ್ಲಿ ಹಿಂದಿನ ಊಟದ ಪಾಲೂ ಇರುತ್ತದೆ. ಅದು ತಿಪ್ಪೆಯಲ್ಲಿ ಆದ ಊಟವಾಗಿರಬಹುದು. 1999ರಲ್ಲಿ ಜಪಾನಿನ ಸಂಶೋಧಕರು ಮಾರಕವಾದೊಂದು ಇ. ಕೋಲೈ ತಳಿಯನ್ನು ನೊಣಗಳಿಗೆ ಉಣಿಸಿ ನೋಡಿದಾಗ, ಮೂರು ದಿನ ಕಳೆದರೂ ಅವುಗಳ ಮಲದಲ್ಲಿ ಅದು ಹೊರಬರುತ್ತಲೇ ಇತ್ತು.

ಇದು ಬರಿಯ ಪ್ರಯೋಗಶಾಲೆಯ ಕುತೂಹಲವಲ್ಲ. ಪಾಕಿಸ್ತಾನದ ಹಳ್ಳಿಗಳಲ್ಲಿ ನಡೆದು 1999ರಲ್ಲಿಯೇ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಔಷಧ ಸಿಂಪಡಿಸಿ ನೊಣಗಳನ್ನು ಅಡಗಿಸಿದ ಊರುಗಳ ಮಕ್ಕಳಲ್ಲಿ ಅತಿಸಾರವು ಉಳಿದ ಊರುಗಳಿಗಿಂತ ಶೇಕಡ 23ರಷ್ಟು ಕಡಿಮೆಯಾಗಿತ್ತು. ಸೆಕೆಗಾಲದಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಹಿತ್ತಿಲಿನ ಕಸದ ತೊಟ್ಟಿಯನ್ನು ವಾರಕ್ಕೆ ಎರಡು ಸಲವಾದರೂ ಬರಿದುಮಾಡಿದರೆ, ಅಲ್ಲಿನ ಹುಳುಗಳಿಗೆ ಕೋಶ ಕಟ್ಟುವಷ್ಟು ಬಿಡುವು ದೊರೆಯುವುದಿಲ್ಲ.